ಬೆಲ್ಲು ಯಾರ ಕಿವಿಗೆ ಕೇಳಬೇಕು?

ರಾಯದುರ್ಗದ ಜೀನ್ಸ್ ಹೊಲಿಗೆ ಘಟಕಗಳಿಗೆ ಕೆಲಸಕ್ಕೆ ಹೋಗುವವರಿಗೂ ಮಡಕಶಿರಾ ಸುತ್ತಲಿನ ಹಳ್ಳಿಗಳಿಂದ ಶಾಲೆಗೆ ಬರುವ ಮಕ್ಕಳಿಗೂ ಸೈಕಲ್ಲು ಇನ್ನೂ ಬೇಕಾದ ಗಾಡಿ. ಅದಕ್ಕೆ ಬೆಲ್ಲು ಹಾಕಿಸುವಾಗ ಸದ್ದು ಜೋರಾಗಿದ್ದರೆ ಸಾಕು ಅನ್ನುವವರೇ ಹೆಚ್ಚು. ನನಗೆ ಅದು ಒಪ್ಪಿಗೆಯಿಲ್ಲ. ಮುಂದೆ ನಡೆದು ಹೋಗುತ್ತಿರುವವರ ಕಿವಿ ಎಂಥದ್ದೆಂದು ಯೋಚಿಸಿ ಬೆಲ್ಲು ಆರಿಸಬೇಕು. ಮನುಷ್ಯನ ಕಿವಿ 2000ದಿಂದ 5000 ಹರ್ಟ್ಸ್ ನಡುವಿನ ಸದ್ದಿಗೆ ಬಹಳ ಚುರುಕು. ಚಿಕ್ಕ ಬಟ್ಟಲಿನ ಬೆಲ್ಲಿನ ಕೀರಲು ದನಿ ಎಳೆಯರಿಗೆ ಚೆನ್ನಾಗಿಯೇ ಕೇಳುತ್ತದೆ. ಆದರೆ ವಯಸ್ಸಾದಂತೆ ಮೊದಲು ಕಿವಿಗೆ ತಪ್ಪುವುದು ಇಂಥ ಏರುದನಿಗಳೇ. ವರ್ಷಗಟ್ಟಲೆ ಯಂತ್ರಗಳ ಗದ್ದಲದಲ್ಲಿ ದುಡಿದು ಕಿವಿ ಕೆಟ್ಟವರಲ್ಲೂ ತೊಂದರೆ ಸಾಮಾನ್ಯವಾಗಿ 4000 ಹರ್ಟ್ಸ್ ಆಸುಪಾಸಿನಲ್ಲಿ ಶುರುವಾಗುತ್ತದೆ. ಸಂತೆಗೆ ಹೊರಟ ಅಜ್ಜ, ಅಜ್ಜಿಯರಿಗೆ ಆ ಚಿಕ್ಕ ಬೆಲ್ಲು ಕೇಳಿಸದೇ ಹೋಗಬಹುದು. ತಗಡಿನ ದಪ್ಪ ಒಂದೇ ಆಗಿದ್ದರೆ ಬಟ್ಟಲು ಅಗಲವಾದಷ್ಟೂ ದನಿ ತಗ್ಗುತ್ತದೆ. ಆದ್ದರಿಂದ ಅಗಲ ಬಟ್ಟಲಿನ, ಒಮ್ಮೆ ಬಾರಿಸಿದರೆ ಕೆಲಹೊತ್ತು ಗುಂಯ್‌ಗುಡುವ ಬೆಲ್ಲು ನಮ್ಮ ಊರುಗಳಿಗೆ ಹೆಚ್ಚು ಹೊಂದುತ್ತದೆ.

ಹಾಗಿದ್ದರೆ ಬ್ಯಾಟರಿ ಹಾರನ್ನೇ ಹಾಕಿಸಬಾರದೇ ಎಂದು ಕೇಳಬಹುದು. ಅದರ ಸದ್ದು ದೊಡ್ಡದು, ನಿಜ. ಆದರೆ ಹಿಂದಿನಿಂದ ಆ ಸದ್ದು ಬಂದರೆ ಜನ ಮೋಟಾರ್ ಬೈಕೆಂದೇ ತಿಳಿದು ಬೆಚ್ಚಿ, ಯಾವ ಕಡೆಗೋ ಸರಿಯುತ್ತಾರೆ. ಬೆಲ್ಲು ಕೇಳಿದರೆ ಬರುತ್ತಿರುವುದು ಸೈಕಲ್ಲೆಂದು ತಿರುಗಿ ನೋಡದೆಯೇ ಗೊತ್ತಾಗುತ್ತದೆ. ಬ್ಯಾಟರಿ ಮುಗಿದ ಹಾರನ್ನು ಇದ್ದೂ ಇಲ್ಲದಂತೆ. ಲಾರಿಯವರಿಗೆ ಬೆಲ್ಲು ಕೇಳುವುದಿಲ್ಲ ಎಂಬ ಆಕ್ಷೇಪವೂ ಸರಿಯೇ. ಬಯಲಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬಲ್‌ನಷ್ಟು ಇಳಿಯುತ್ತದೆ. ಉಳಿದದ್ದು ಇಂಜಿನ್ನಿನ ಅಬ್ಬರದಲ್ಲಿ ಮುಳುಗುತ್ತದೆ. ಸೈಕಲ್ಲಿನ ಹಾರನ್ನಿಗೂ ಅಲ್ಲಿ ಹೆಚ್ಚಿನ ಭರವಸೆಯಿಲ್ಲ. ಹಿಂದಿನಿಂದ ಬರುವ ಲಾರಿಗೆ ನಾವು ಕಾಣಿಸಬೇಕು. ಅದು ಹಿಂದಿನ ಕೆಂಪು ರಿಫ್ಲೆಕ್ಟರ್ ಮತ್ತು ದೀಪದ ಕೆಲಸ.

ಗಂಟೆಗೆ 15 ಕಿಲೋಮೀಟರ್ ವೇಗದ ಸೈಕಲ್ಲು ಸೆಕೆಂಡಿಗೆ ನಾಲ್ಕು ಮೀಟರಿಗೂ ತುಸು ಹೆಚ್ಚು ಓಡುತ್ತದೆ. ಹತ್ತು ಮೀಟರ್ ದೂರದಲ್ಲಿ ಬಾರಿಸಿದರೂ ಮುಂದಿನವರಿಗೆ ಸಿಗುವುದು ಎರಡು ಸೆಕೆಂಡಿನ ಮೇಲೆ ಚೂರು ಸಮಯ. ಆದ್ದರಿಂದ ಬ್ರೇಕಿನಿಂದ ಬೆರಳು ತೆಗೆಯದೆ ಹೆಬ್ಬೆರಳಿಗೆ ಸಿಗುವ ಜಾಗದಲ್ಲೇ ಬೆಲ್ಲು ಇರಬೇಕು. ಬ್ರೇಕಿನ ಕೇಬಲ್ಲು ಬಟ್ಟಲಿಗೆ ತಾಗಿದರೆ ಎಂಥ ಒಳ್ಳೆಯ ಬೆಲ್ಲೂ ಟಕ್ಕೆಂದು ಸತ್ತುಹೋಗುತ್ತದೆ. ಮಳೆ ಕಡಿಮೆ, ಧೂಳು ಹೆಚ್ಚಿರುವ ಈ ಸೀಮೆಯಲ್ಲಿ ಒಳಗಿನ ಹಲ್ಲುಚಕ್ರಗಳು ಬೇಗ ಬಿಗಿಯುತ್ತವೆ. ಆಗಾಗ ಬಟ್ಟಲು ಬಿಚ್ಚಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದೇ ತೊಟ್ಟು ಬಿಡಿ. ಹೆಚ್ಚಾದರೆ ಧೂಳು ಅಂಟಿ ಕೆಸರಾಗುತ್ತದೆ. ಬೆಲ್ಲು ಕೊಳ್ಳಲು ಹೋಗುವಾಗ ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಅವರನ್ನು ಅಂಗಡಿಯಿಂದ ಹತ್ತು ಮೀಟರ್ ಆಚೆ ಬೆನ್ನು ಮಾಡಿ ನಿಲ್ಲಿಸಿ ಬಾರಿಸಿ ನೋಡಿ, ಅವರು ತಿರುಗಿದ ಬೆಲ್ಲನ್ನೇ ಕೊಳ್ಳಿ.