ನೋವು ತಿಳಿಯದ ಮೈಗೆ ಮನೆಯವರ ಕಾವಲು

ಅರಸೀಕೆರೆಯ ಸೀಮೆಯು ತೆಂಗಿಗೆ ಹೆಸರಾದುದು. ಮರದಿಂದ ಜಾರಿ ಬಿದ್ದೋ, ರಸ್ತೆಯ ಅಪಘಾತದಲ್ಲಿ ಸಿಕ್ಕಿಯೋ ಬೆನ್ನುಹುರಿಗೆ ಪೆಟ್ಟಾದವರಲ್ಲಿ ಗಂಡಸರೇ ಹೆಚ್ಚು. ಅಂಥವನು ಆಸ್ಪತ್ರೆಯಿಂದ ಮರಳಿದೊಡನೆ ಗಂಡಾಂತರವು ಕಳೆಯಿತೆಂದು ಮನೆಯವರು ಸಮಾಧಾನಪಡುವುದು ಸಹಜ. ಆದರೆ ಹೊಸ ಗಾಯಗಳಿಗೆ ಕಾರಣಗಳು ಮನೆಯೊಳಗೇ ಇರುತ್ತವೆ. ಎಚ್ಚರವಿದ್ದರೆ ಅವುಗಳಲ್ಲಿ ಅನೇಕವನ್ನು ತಡೆಯಬಹುದು.

ನೋವೆಂಬುದು ಶರೀರದ ಕಾವಲುಗಾರ. ಬೆಂಕಿ ಸೋಕಿದ ಕಾಲನ್ನು ನಾವು ಯೋಚಿಸುವುದಕ್ಕೆ ಮೊದಲೇ ಹಿಂದಕ್ಕೆ ಎಳೆದುಕೊಳ್ಳುವೆವು. ಬೆನ್ನುಹುರಿಯು ಕೆಟ್ಟವನಲ್ಲಿ ಪೆಟ್ಟಿನ ಕೆಳಗಣ ಅಂಗಗಳ ಸುದ್ದಿಯು ಮಿದುಳಿಗೆ ಮುಟ್ಟುವುದಿಲ್ಲ, ಇಲ್ಲವೆ ಅರೆಬರೆಯಾಗಿ ಮುಟ್ಟುವುದು. ಆದುದರಿಂದ ನೋವು ಮಾಡುತ್ತಿದ್ದ ಕೆಲಸವನ್ನು ಕಣ್ಣೂ ಕೈಯೂ ಮಾಡಬೇಕು.

ಮೊದಲನೆಯ ಶತ್ರು ಬಿಸಿ. ಸ್ನಾನಕ್ಕೆ ಮೊದಲು ತಣ್ಣೀರು ತುಂಬಿ, ಬಳಿಕ ಬಿಸಿನೀರು ಬೆರಸಿ, ಸ್ಪರ್ಶಜ್ಞಾನವುಳ್ಳವರು ಮೊಣಕೈಯಿಂದ ಪರೀಕ್ಷಿಸತಕ್ಕದ್ದು. ಕಾಫಿಯ ಲೋಟವನ್ನಾಗಲಿ, ಊಟದ ಬಿಸಿ ತಟ್ಟೆಯನ್ನಾಗಲಿ ತೊಡೆಯ ಮೇಲೆ ಇಡಬಾರದು. ಚಳಿಗಾಲದಲ್ಲಿ ಒಲೆಯ ಬಳಿ ಕಾಲು ಚಾಚಿ ಕುಳಿತರೆ ಚರ್ಮವು ಬೆಂದರೂ ತಿಳಿಯದು. ಬೇಲೂರು ಹಳೇಬೀಡುಗಳ ದೇವಾಲಯಗಳನ್ನು ನೋಡಹೋದಾಗ ಪಾದರಕ್ಷೆ ತೆಗೆಯಬೇಕಷ್ಟೆ. ಬೇಸಗೆಯ ಮಧ್ಯಾಹ್ನ ಅಂಗಳದ ಕಲ್ಲುಹಾಸು ಬರಿಗಾಲಿಗೆ ಚುರುಗುಟ್ಟುವಂತೆ ಕಾಯುತ್ತದೆ. ನಮಗೆ ಅಲ್ಲಿ ನಿಲ್ಲಲಾಗದು. ಅವನಾದರೋ ಏನೂ ಅರಿಯದೆ ಕುಳಿತಿರುವನು. ಬೆಳಗಿನ ತಂಪಿನಲ್ಲಿ ಹೋಗಿ, ಕಾಲಿಗೆ ದಪ್ಪ ಕಾಲುಚೀಲ ತೊಡಿಸಿ, ಮಡಿಸಿದ ಕಂಬಳಿಯ ಮೇಲೆ ಕುಳ್ಳಿರಿಸುವುದು ಲೇಸು.

ಎರಡನೆಯದು ಬೀಳುವುದು. ಗಾಲಿಕುರ್ಚಿಯಿಂದ ಮಂಚಕ್ಕೆ ಸರಿಯುವಾಗ ಬ್ರೇಕು ಹಾಕಿರಬೇಕು, ಎರಡರ ಎತ್ತರವೂ ಸಮವಾಗಿರಬೇಕು, ಬಚ್ಚಲಿನಲ್ಲಿ ಎಣ್ಣೆಯ ಜಿಡ್ಡು ಇರಕೂಡದು. ನಡೆದಾಡದ ಕಾಲಿನ ಎಲುಬು ಕಾಲಕ್ರಮದಲ್ಲಿ ಬಲಗುಂದುವುದರಿಂದ ಸಣ್ಣ ಪೆಟ್ಟಿಗೂ ಮುರಿಯಬಹುದು. ನೋವಿಲ್ಲದೆ ಕಾಲು ಊದಿಕೊಂಡು ಬಿಸಿಯಾದರೆ ಉಳುಕೆಂದು ಉಜ್ಜದೆ ವೈದ್ಯರಿಗೆ ತೋರಿಸತಕ್ಕದ್ದು.

ಮೂರನೆಯದು ಒತ್ತುಹುಣ್ಣು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು, ಗಾಯಗೊಂಡ ಸೈನಿಕರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸುವ ಕ್ರಮವನ್ನು ಬಿಗಿಯಾಗಿ ನಡೆಸಿದರು. ಬದುಕಲಾರರೆಂದು ಕೈಬಿಡಲ್ಪಡುತ್ತಿದ್ದಂಥವರು ಉಳಿದು ಬಾಳಿದುದಕ್ಕೆ ಅಂಥ ಆರೈಕೆಯೇ ಕಾರಣ. ಕುಳಿತವನು ಅರ್ಧ ಗಂಟೆಯೊಳಗೆ ಒಮ್ಮೆಯಾದರೂ ಭಾರವನ್ನು ಬದಲಿಸಬೇಕು. ಪ್ರತಿದಿನ ಬೆಳಿಗ್ಗೆ ಸಂಜೆ ಕನ್ನಡಿ ಹಿಡಿದು ಪೃಷ್ಠ, ಬೆನ್ನು, ಹಿಮ್ಮಡಿಗಳನ್ನು ನೋಡಬೇಕು. ಆರದ ಕೆಂಪು ಕಲೆ ಅಥವಾ ಕಪ್ಪಿಟ್ಟ ಗುರುತು ಕಂಡರೆ ಅದು ಮಾಯುವವರೆಗೆ ಆ ಸ್ಥಳದ ಮೇಲೆ ಭಾರ ಬೀಳಗೊಡಬಾರದು.

ಎದೆಯ ನಡುಭಾಗಕ್ಕಿಂತ ಮೇಲೆ ಪೆಟ್ಟಾದವನಿಗೆ ಇದ್ದಕ್ಕಿದ್ದಂತೆ ತಲೆಸಿಡಿತ, ಮುಖ ಕೆಂಪೇರುವುದು, ಬೆವರು ಕಾಣಿಸಿದರೆ ರಕ್ತದ ಒತ್ತಡ ಏರಿರಬಹುದು. ಕೂಡಲೆ ನೆಟ್ಟಗೆ ಕುಳ್ಳಿರಿಸಿ, ಉಡುಪು ಸಡಿಲಿಸಿ, ಮೂತ್ರದ ನಳಿಕೆಯು ಮಡಿಚಿರುವುದೋ ನೋಡಿ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಕಡೆಯದೊಂದು ಮಾತು. ದುಡಿದು ಮನೆ ನಡೆಸಿದ ಗಂಡಸಿಗೆ ನೆರವು ಕೇಳುವುದು ಸಂಕೋಚ. ಆ ಸಂಕೋಚದಿಂದಲೇ ಅವಸರ, ಅವಸರದಿಂದಲೇ ಅಪಾಯ. ಅವನನ್ನು ಕೂಸಿನಂತೆ ಕಾಣದೆ, ಕಾವಲಿನ ಯಜಮಾನಿಕೆಯನ್ನು ಅವನಿಗೇ ಕೊಡಿರಿ. ಕನ್ನಡಿ ಅವನ ಕೈಯಲ್ಲಿರಲಿ; ಅವನ ಕಣ್ಣಿಗೆಟುಕದುದನ್ನು ಮಾತ್ರ ಮನೆಯವರು ನೋಡಲಿ.