ತಬಲಾದ ಅಂಚಿನ ಸಣ್ಣ ಊನ

ಪ್ರಶ್ನೆ: ತಬಲಾದ ಅಂಚಿನಲ್ಲಿ ಒಂದೇ ಕಡೆ ಸಣ್ಣ ಊನವಿದ್ದರೆ ನಾದ ಕೆಡುತ್ತದೆಯೇ?
– ಓದುಗರು, ಕಣಗಿನಹಾಳ

ಉತ್ತರ: ಬಿಗಿದ ಚರ್ಮ ಕೆಲವೇ ಕಂಪನಾಂಕಗಳಲ್ಲಿ ನುಡಿಯುತ್ತದೆ. ಅವು ಚರ್ಮದ ಕಂಪನವನ್ನು ಬಣ್ಣಿಸುವ ಅವಕಲ ಸಮೀಕರಣದ ಐಗನ್ ಮೌಲ್ಯಗಳಿಂದ, ಅಂದರೆ ಆ ಸಮೀಕರಣಕ್ಕೆ ಪರಿಹಾರ ಸಿಗುವ ವಿಶಿಷ್ಟ ಸಂಖ್ಯೆಗಳಿಂದ, ಸಿಗುತ್ತವೆ. ಅಂಚಿನಲ್ಲಿ ಚರ್ಮ ಅಲುಗುವುದೇ ಇಲ್ಲ. ಆದ್ದರಿಂದ ಅಲ್ಲಿ ತ್ರಿಜ್ಯದ ಶೇಕಡಾ 1ರಷ್ಟು ಗಾತ್ರದ ಊನ ಮೂಲಸ್ವರವನ್ನು ಹತ್ತು ಸಾವಿರದಲ್ಲೊಂದು ಪಾಲಿನ ಆಸುಪಾಸು ಮಾತ್ರ ಕದಲಿಸುತ್ತದೆ. ಕಿವಿಗೆ ಅದು ತಿಳಿಯದು. ಏಕರೂಪದ ಚರ್ಮದ ನಟ್ಟನಡುವೆ ಅಷ್ಟೇ ಗಾತ್ರದ ಚುಕ್ಕಿಯನ್ನು ಅಲುಗದಂತೆ ಹಿಡಿದರೆ ಕಂಪನಾಂಕ ಶೇಕಡಾ 10ಕ್ಕೂ ಹೆಚ್ಚು ಏರುತ್ತದೆ.

ಕಿವಿಗೆ ತಾಗುವುದು ಬಿಗಿತದ ಏರುಪೇರು. ದುಂಡು ಚರ್ಮದಲ್ಲಿ ಹಲವು ಕಂಪನಗಳು ಜೋಡಿಯಾಗಿ ಒಂದೇ ಸ್ವರ ಕೊಡುತ್ತವೆ. ಒಂದು ಕಡೆ ಸಡಿಲವಾದರೆ ಜೋಡಿ ಒಡೆದು ನಾದ ತೂಗಾಡುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಂಥ ಸಂಗೀತಶಾಲೆಗಳಲ್ಲಿ ಕಲಿತವರು ಚರ್ಮದ ಅಂಚಿನ ಹೆಣೆದ ಪಟ್ಟಿಯಾದ ಗಜರೆಯನ್ನು ಸುತ್ತಲೂ ಸುತ್ತಿಗೆಯಿಂದ ತಟ್ಟಿ ಸರಿಪಡಿಸುವುದು ಈ ಏರುಪೇರನ್ನೇ.