ಮೊದಲು ಹೋಗುವುದು ಮೇಲಿನ ಸದ್ದು

ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನಲ್ಲಿ, ತಳೇವಾಡಿಯ ಹತ್ತಿರ, ಬಾರಾಪೆಡೆ ಎಂಬ ಗವಿಗಳಿವೆ. ಅಲ್ಲಿ ವಾಸಿಸುವ ಒಂದು ಬಾವಲಿಯನ್ನು 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಎಂಬ ಪ್ರಾಣಿಶಾಸ್ತ್ರಜ್ಞ ಹೊಸ ಜಾತಿಯೆಂದು ಗುರುತಿಸಿ, ಅದಕ್ಕೆ ರಾಟನ್ ಎಂಬವರ ಹೆಸರಿಟ್ಟ. ಇಡೀ ಜಗತ್ತಿನಲ್ಲಿ ಇದು ಇರುವುದು ಬಾರಾಪೆಡೆಯಲ್ಲಿ ಮಾತ್ರ ಎಂದು ಬಹಳ ಕಾಲ ನಂಬಿದ್ದರು. ಆಮೇಲೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಸಿಕ್ಕಿತು. ಎರಡು ಕಿವಿಗಳೂ ಹಣೆಯ ಮೇಲೆ ಬಂದು ಕೂಡುವಷ್ಟು ದೊಡ್ಡವು. ತಾನೇ ಕೂಗಿ, ಆ ಕೂಗಿನ ಮಾರ್ದನಿ ಕೇಳಿ, ಕತ್ತಲಲ್ಲಿ ಹುಳ ಹಿಡಿಯುವ ಪ್ರಾಣಿಗೆ ಅಷ್ಟು ಕಿವಿ ಬೇಕು.

ಮನುಷ್ಯನ ಕಿವಿಗೆ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಸದ್ದು ಕೇಳುತ್ತದೆ. ಕಂಪನದ ಈ ಅಳತೆಯೇ ಹರ್ಟ್ಸ್. ಹೆಚ್ಚಿನ ಬಾವಲಿಗಳ ಕೂಗು 20,000ಕ್ಕೂ ಮೇಲೆ, ನಮಗೆ ನಿಲುಕದು. ಬಾರಾಪೆಡೆಯ ಈ ಬಾವಲಿಯ ಕೂಗು ಮಾತ್ರ ಅದಕ್ಕಿಂತ ಕೆಳಗೆ ಇಳಿಯುತ್ತದೆ. ಹತ್ತು ವರ್ಷದ ಹುಡುಗನ ಕಿವಿಗೆ ಅದು ಬೀಳಬಹುದು; ಪಕ್ಕದಲ್ಲೇ ನಿಂತ ಅವನ ಅಜ್ಜನಿಗೆ ಏನೂ ಕೇಳುವುದಿಲ್ಲ. ತನಗೆ ಏನೋ ಕೇಳಲಿಲ್ಲವೆಂಬುದೂ ಅಜ್ಜನಿಗೆ ಗೊತ್ತಾಗುವುದಿಲ್ಲ. (ಪರೀಕ್ಷಿಸಲೆಂದು ಗವಿಗೆ ಹೋಗಬೇಡಿ. ಅದು ಅಭಯಾರಣ್ಯ, ಬಾವಲಿಯೂ ಕಾನೂನಿನ ರಕ್ಷಣೆಯಲ್ಲಿದೆ.) ವಯಸ್ಸಿನಿಂದ, ಸದ್ದಿನಿಂದ, ಔಷಧದಿಂದ ಬರುವ ಕಿವುಡುತನವೆಲ್ಲ ಸಾಮಾನ್ಯವಾಗಿ ಹೀಗೆಯೇ ಶುರುವಾಗುತ್ತದೆ. ಮೊದಲು ಹೋಗುವುದು ಮೇಲಿನ ಸದ್ದು. ಅದು ಏಕೆಂದು ತಿಳಿಯಲು ಕಿವಿಯ ಒಳಗೆ ಹೋಗಬೇಕು.

ಹೊರಗೆ ಕಾಣುವ ಕಿವಿ ಸದ್ದನ್ನು ಹಿಡಿದು ಒಳಕ್ಕೆ ತಿರುಗಿಸುತ್ತದೆ. ಅಲ್ಲಿಂದ ಎರಡೂವರೆ ಸೆಂಟಿಮೀಟರ್ ಉದ್ದದ ನಾಳ. ಈ ಉದ್ದದ ನಾಳದಲ್ಲಿ 3,000 ಹರ್ಟ್ಸ್ ಸುತ್ತಮುತ್ತಲಿನ ಸದ್ದು ತಾನಾಗಿ ಜೋರಾಗುತ್ತದೆ. ಇದನ್ನು ನೆನಪಿಡಿ, ಮುಂದೆ ಮಗ್ಗದ ಮಾತು ಬಂದಾಗ ಬೇಕಾಗುತ್ತದೆ. ನಾಳದ ಕೊನೆಗೆ ತಮಟೆ, ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗ. ಅದರ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆಯಲ್ಲಿ ಮೂರು ಎಲುಬುಗಳು: ಸುತ್ತಿಗೆ, ಅಡಿಗಲ್ಲು, ರಿಕಾಪು. ಕೊನೆಯದು ದೇಹದಲ್ಲೇ ಅತಿ ಚಿಕ್ಕ ಎಲುಬು, ತೂಕ ಸುಮಾರು 3 ಮಿಲಿಗ್ರಾಂ.

ತಮಟೆಯೊಂದೇ ಸಾಕಾಗುತ್ತಿರಲಿಲ್ಲವೇ, ನಡುವೆ ಎಲುಬುಗಳೇಕೆ? ಒಳಕಿವಿಯಲ್ಲಿರುವುದು ಗಾಳಿಯಲ್ಲ, ದ್ರವ. ಗಾಳಿಯಲ್ಲಿ ಬಂದ ಸದ್ದು ದ್ರವಕ್ಕೆ ನೇರವಾಗಿ ತಗುಲಿದರೆ ಬಹುಪಾಲು ಹಿಂದಕ್ಕೆ ಪುಟಿಯುತ್ತದೆ. ಕೆರೆಯಲ್ಲಿ ಮುಳುಗಿದವನಿಗೆ ದಡದವರ ಕೂಗು ಕೇಳದಿರುವುದು ಇದಕ್ಕೇ. ದೊಡ್ಡ ತಮಟೆಯ ಮೇಲೆ ಬಿದ್ದ ಒತ್ತಡವನ್ನು ಈ ಎಲುಬುಗಳು ರಿಕಾಪಿನ ಸಣ್ಣ ಪಾದಕ್ಕೆ ಒಟ್ಟುಗೂಡಿಸಿ, ಹೆಚ್ಚುಕಡಿಮೆ 22 ಪಟ್ಟು ಮಾಡಿ ಒಳಗೆ ದಾಟಿಸುತ್ತವೆ. ಇಷ್ಟು ಸೂಕ್ಷ್ಮ ಏರ್ಪಾಡಿನಿಂದಾಗಿಯೇ, ಅತಿ ಮೆಲ್ಲನೆಯ ಸದ್ದಿಗೆ ತಮಟೆ ಅಲುಗುವ ದೂರ ಒಂದು ಪರಮಾಣುವಿನ ಅಗಲಕ್ಕಿಂತ ಕಡಿಮೆಯಾದರೂ ನಮಗೆ ಕೇಳುತ್ತದೆ.

ಒಳಕಿವಿಯ ಕಾಕ್ಲಿಯಾ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡಿದೆ. ಬಿಚ್ಚಿ ಚಾಚಿದರೆ 35 ಮಿಲಿಮೀಟರ್. ಅದರ ಉದ್ದಕ್ಕೂ ಒಂದು ಪೊರೆ ಹಾಸಿದೆ. ರಿಕಾಪಿನ ಹತ್ತಿರದ ಬುಡ ಕಿರಿದು, ಬಿಗಿ. ತುದಿ ಅಗಲ, ಸಡಿಲ. ಕೀಚಲು ಸದ್ದಿಗೆ ಬುಡ ಕುಣಿಯುತ್ತದೆ, ಗಡಸು ಸದ್ದಿಗೆ ತುದಿ. ಟೆಲಿಫೋನ್ ಇಲಾಖೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಹಂಗೇರಿಯ ಗೇಯೊರ್ಗ್ ಫಾನ್ ಬೇಕೆಶಿ, ಸತ್ತವರ ಕಾಕ್ಲಿಯಾಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಈ ಅಲೆಯನ್ನು ಕಣ್ಣಾರೆ ನೋಡಿದ. 1961ರಲ್ಲಿ ಅವನಿಗೆ ನೊಬೆಲ್ ಬಂತು.

ಪೊರೆಯ ಮೇಲೆ ಸಾಲುಗಟ್ಟಿ ನಿಂತಿರುವುದು ರೋಮಕೋಶಗಳು. ಒಳಸಾಲಿನಲ್ಲಿ ಸುಮಾರು 3,500, ಹೊರಸಾಲುಗಳಲ್ಲಿ 12,000. ಒಳಸಾಲಿನವು ಕಂಪನವನ್ನು ವಿದ್ಯುತ್ತಾಗಿಸಿ ಶ್ರವಣ ನರಕ್ಕೆ ಕೊಡುತ್ತವೆ. ಹೊರಸಾಲಿನವುಗಳ ಕೆಲಸ ಇನ್ನೂ ಸೋಜಿಗ: ಸದ್ದಿಗೆ ತಕ್ಕಂತೆ ತಾವೇ ಗಿಡ್ಡವಾಗಿ ಉದ್ದವಾಗಿ ಪೊರೆಯನ್ನು ಇನ್ನಷ್ಟು ಅಲುಗಿಸಿ, ಮೆಲ್ಲನೆಯ ಸದ್ದನ್ನು ಜೋರು ಮಾಡುತ್ತವೆ. ಹೀಗೆ ಕುಣಿಯುವಾಗ ಕಿವಿಯಿಂದಲೇ ಹೊರಕ್ಕೆ ಸಣ್ಣದೊಂದು ಸದ್ದು ಬರುತ್ತದೆ. ಇಂಗ್ಲೆಂಡಿನ ಡೇವಿಡ್ ಕೆಂಪ್ 1978ರಲ್ಲಿ ಅದನ್ನು ಅಳೆದು ತೋರಿಸಿದ. ಕಿವಿ ಕೇಳುವುದಷ್ಟೇ ಅಲ್ಲ, ಉಲಿಯುತ್ತದೆ ಕೂಡ.

ಕೋಳಿ, ಪಾರಿವಾಳಗಳಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುತ್ತದೆ. ಮನುಷ್ಯರಲ್ಲಿ ಹುಟ್ಟುವುದಿಲ್ಲ. ತಾಯಿಯ ಹೊಟ್ಟೆಯಲ್ಲಿದ್ದಾಗ ಪಡೆದ ಹದಿನೈದು ಸಾವಿರದಲ್ಲೇ ಬದುಕು ಸಾಗಬೇಕು. ಅವುಗಳಲ್ಲಿ ಬೇಗ ಸೋಲುವುದು ಬುಡದ ಹೊರಸಾಲು. ಒಳಗೆ ಹೋಗುವ ಪ್ರತಿಯೊಂದು ಸದ್ದೂ ಬುಡವನ್ನು ದಾಟಿಯೇ ಹೋಗಬೇಕು.

ವಡಗಾವಿಯ ಮಗ್ಗ, ಉದ್ಯಮಬಾಗದ ಗ್ರೈಂಡರ್

ಬೆಳಗಾವಿಯ ವಡಗಾವಿ, ಖಾಸಬಾಗ, ಶಹಾಪುರದ ಓಣಿಗಳಲ್ಲಿ ಮಾತಾಡುತ್ತ ನಡೆಯುವುದು ಕಷ್ಟ. ಮನೆಮನೆಯೊಳಗಿಂದ ಪವರ್‌ಲೂಮಿನ ಖಟಖಟ. ಲಾಳಿ ಮಗ್ಗಗಳ ಶೆಡ್ಡಿನಲ್ಲಿ ಸದ್ದು ಸಾಮಾನ್ಯವಾಗಿ 90 ಡೆಸಿಬಲ್ ದಾಟುತ್ತದೆ, ನೂರನ್ನೂ ಮುಟ್ಟುತ್ತದೆ. ನೇಯುವವನಷ್ಟೇ ಅಲ್ಲ, ಅಲ್ಲೇ ಕುಳಿತು ಕಂಡಿಕಿ ಸುತ್ತುವ ಹೆಂಗಸು, ಗೋಡೆಯಾಚೆ ಪಾಠ ಓದುವ ಹುಡುಗಿ, ತೊಟ್ಟಿಲ ಕೂಸು, ಎಲ್ಲರ ಪಾಲಿಗೂ ಅದೇ ಸದ್ದು. ಊರಿನ ಇನ್ನೊಂದು ತುದಿಗೆ, ಉದ್ಯಮಬಾಗ ಮತ್ತು ಮಚ್ಛೆಯ ಫೌಂಡ್ರಿಗಳಲ್ಲಿ ಎರಕದ ಅಂಚು ತಿಕ್ಕುವ ಗ್ರೈಂಡರ್ ಇನ್ನೂ ಕರ್ಕಶ.

ಡೆಸಿಬಲ್ ಲೆಕ್ಕ ಮೋಸದ್ದು. 80 ಆದಮೇಲೆ 90 ಎಂದರೆ ಸ್ವಲ್ಪ ಹೆಚ್ಚು ಎಂದು ತೋರುತ್ತದೆ. ನಿಜಕ್ಕೂ ಸದ್ದಿನ ಶಕ್ತಿ ಹತ್ತು ಪಟ್ಟು. ಸುರಕ್ಷತೆಯ ಒಂದು ಪ್ರಸಿದ್ಧ ಲೆಕ್ಕ ಹೀಗಿದೆ: 85 ಡೆಸಿಬಲ್ಲಿನಲ್ಲಿ ಎಂಟು ತಾಸು ಇರಬಹುದು, ಪ್ರತಿ 3 ಡೆಸಿಬಲ್ಲಿಗೆ ಸಮಯ ಅರ್ಧ. 94ಕ್ಕೆ ಒಂದು ತಾಸು, 100ಕ್ಕೆ ಹದಿನೈದು ನಿಮಿಷ. ನಮ್ಮ ದೇಶದ ಕಾರ್ಖಾನೆಗಳಲ್ಲಿ ನಡೆದುಬಂದ ಮಿತಿ ಇದಕ್ಕಿಂತ ಸಡಿಲ, 90ಕ್ಕೆ ಎಂಟು ತಾಸು. ಆ ಸಡಿಲ ಮಿತಿಯೂ ಮನೆಯೊಳಗಿನ ಎರಡು ಮಗ್ಗಕ್ಕೆ ಅನ್ವಯಿಸುವುದಿಲ್ಲ. ಸದ್ದಿನಿಂದ ಬರುವ ಕಿವುಡು 1948ರ ಕಾರ್ಖಾನೆ ಕಾಯ್ದೆಯಲ್ಲಿ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿತ್ತು. ಕಾರ್ಖಾನೆಯೇ ಅಲ್ಲದ ಮನೆಯಲ್ಲಿ ಅದನ್ನು ಬರೆದುಕೊಳ್ಳುವವರು ಯಾರು?

ಇಂಥ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದವರ ಕಿವಿಯನ್ನು ಯಂತ್ರದಲ್ಲಿ ಪರೀಕ್ಷಿಸಿದರೆ, ಆಡಿಯೋಗ್ರಾಂ ಎಂಬ ನಕ್ಷೆಯಲ್ಲಿ 4,000 ಹರ್ಟ್ಸ್ ಹತ್ತಿರ ಒಂದು ಗುಂಡಿ ಕಾಣುತ್ತದೆ. ಕಿವಿನಾಳ ತಾನಾಗಿ ಜೋರು ಮಾಡುವ ಸದ್ದು 3,000 ಹರ್ಟ್ಸಿನದು ಎಂದೆನಲ್ಲ, ಪೆಟ್ಟು ಬೀಳುವುದು ಅದಕ್ಕಿಂತ ತುಸು ಮೇಲಿನ ಜಾಗಕ್ಕೆ. ಎಷ್ಟು ಖಚಿತವೆಂದರೆ, ನಕ್ಷೆ ನೋಡಿದ ಕೂಡಲೇ ಆಡಿಯಾಲಜಿಸ್ಟ್ 'ಏನು ಉದ್ಯೋಗ ಮಾಡ್ತೀರಿ?' ಎಂದು ಕೇಳುತ್ತಾರೆ.

ಆದರೆ ಆ ಹೊತ್ತಿಗೂ ನೇಕಾರ ತನ್ನ ಕಿವಿ ಚೆನ್ನಾಗಿದೆ ಎಂದೇ ಹೇಳುತ್ತಾನೆ. ಅವನಿಗೆ ಮಗ್ಗ ಕೇಳುತ್ತದೆ, ಬಸ್ಸು ಕೇಳುತ್ತದೆ. ಮನೆಯವರು ಒತ್ತಾಯಿಸಿದರೆ ಬರುವ ಉತ್ತರ: 'ಕೇಳಸ್ತೈತ್ರಿ, ಖರೇ ತಿಳೀವಲ್ದು.' ವೈದ್ಯಶಾಸ್ತ್ರ ಇದಕ್ಕಿಂತ ನಿಖರವಾಗಿ ಹೇಳಲಾರದು. ಸ್ವರಗಳ ಬಲವೆಲ್ಲ ಕೆಳಗಿನ ಕಂಪನಗಳಲ್ಲಿದೆ, ಅವು ಉಳಿದಿರುತ್ತವೆ. ಸ, ಶ, ಕ, ತ, ಪ ಮುಂತಾದ ವ್ಯಂಜನಗಳ ಗುರುತು ಹೆಚ್ಚಾಗಿ 2,000ದಿಂದ 8,000 ಹರ್ಟ್ಸ್ ನಡುವೆ, ಕಳೆದುಹೋದದ್ದು ಅದು. ಹಾಲು, ಕಾಲು, ಸಾಲು, ಪಾಲು ನಾಲ್ಕೂ ಒಂದೇ ಥರ ಕೇಳುತ್ತವೆ. ಬೇರೆ ಯಾರೂ ಮಾತಾಡದ ಸದ್ದಿಲ್ಲದ ಕೋಣೆಯಲ್ಲಿ ಸಂದರ್ಭ ನೋಡಿ ಊಹಿಸಬಹುದು. ಮದುವೆಮನೆಯಲ್ಲಿ, ಸಂತೆಯಲ್ಲಿ ಊಹೆ ಸೋಲುತ್ತದೆ. ಹೆಂಗಸರ, ಮಕ್ಕಳ ಮಾತು ಇನ್ನೂ ಬೇಗ ಕೈಕೊಡುತ್ತದೆ. 'ಈಗಿನ ಮಂದಿ ಮಿಣಮಿಣ ಮಾತಾಡ್ತಾರ' ಎಂದು ತಪ್ಪು ಎದುರಿನವರ ಮೇಲೆ ಹೋಗುತ್ತದೆ. ಜೋರಾಗಿ ಕೂಗಿದರೆ 'ಯಾಕ ಒದರ್ತಿ?' ಎಂಬ ಸಿಟ್ಟು. ಅದೂ ನ್ಯಾಯವೇ: ಹೊರಸಾಲಿನ ಕೋಶ ಸತ್ತ ಕಿವಿಗೆ ಮೆಲ್ಲನೆಯದು ಕೇಳುವುದಿಲ್ಲ, ಜೋರಿನದು ಮೊದಲಿನಷ್ಟೇ ಜೋರಾಗಿ ಬಡಿಯುತ್ತದೆ. ಕೂಗುವುದಕ್ಕಿಂತ, ಎದುರು ಬಂದು ಮುಖ ಕಾಣುವಂತೆ ನಿಧಾನವಾಗಿ ಹೇಳಿದರೆ ಹೆಚ್ಚು ತಿಳಿಯುತ್ತದೆ.

ಬೆಳಗಾವಿಯಲ್ಲಿ ಸದ್ದಿನ ಮಾತೆತ್ತಿದರೆ ಡಿಜೆ ಬಿಡುವಂತಿಲ್ಲ. ಗಣಪತಿ ವಿಸರ್ಜನೆಯ ಮೆರವಣಿಗೆ ಕಪಿಲೇಶ್ವರ ಹೊಂಡ ಮುಟ್ಟುವುದು ಮರುದಿನ. ಶಿವಜಯಂತಿ, ಚನ್ನಮ್ಮ ವೃತ್ತದ ರಾಜ್ಯೋತ್ಸವ, ಯಾವುದೂ ಹಿಂದೆ ಬಿದ್ದಿಲ್ಲ. ಹಾಡು ಕನ್ನಡದ್ದೋ ಮರಾಠಿಯದೋ ಎಂಬ ಭೇದ ರೋಮಕೋಶಕ್ಕಿಲ್ಲ. ಸ್ಪೀಕರ್ ಗೋಡೆಯ ಮುಂದೆ ಕುಣಿಯುವವರಿಗೆ ಮೇಲಿನ ಲೆಕ್ಕದಲ್ಲಿ ಸಿಗುವುದು ಕೆಲವೇ ನಿಮಿಷ. ಮರುದಿನ ಕಿವಿ ಗುಂಯ್ ಎನ್ನುತ್ತದೆ, ಎರಡು ದಿನಕ್ಕೆ ಸರಿಹೋಗುತ್ತದೆ, ಏನೂ ಆಗಲಿಲ್ಲ ಎಂದುಕೊಳ್ಳುತ್ತೇವೆ. 2009ರಲ್ಲಿ ಅಮೆರಿಕದ ಶೆರನ್ ಕುಜಾವಾ ಮತ್ತು ಚಾರ್ಲ್ಸ್ ಲೀಬರ್‌ಮನ್ ಇಲಿಗಳಲ್ಲಿ ಕಂಡದ್ದು ಬೇರೆ: ಪರೀಕ್ಷೆಯಲ್ಲಿ ಕಿವಿ ಪೂರ್ತಿ ಚೇತರಿಸಿಕೊಂಡಂತೆ ತೋರಿದರೂ, ರೋಮಕೋಶಕ್ಕೂ ನರಕ್ಕೂ ಇದ್ದ ಕೊಂಡಿಗಳು ಅರ್ಧದಷ್ಟು ಹರಿದುಹೋಗಿದ್ದವು.

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಅದನ್ನು ಓದಿದರೆ ನಗು ಬರುತ್ತದೆ. ಪಟಾಕಿಯ ಮಾತು ಬೇರೆ: ಕಿವಿಯೊಳಗಿನ ಪುಟ್ಟ ಸ್ನಾಯು ರಿಕಾಪನ್ನು ಬಿಗಿಹಿಡಿದು ಜೋರು ಸದ್ದನ್ನು ತಡೆಯಲು ನೋಡುತ್ತದೆ, ಆದರೆ ಅದು ಎಚ್ಚರಗೊಳ್ಳುವ ಹೊತ್ತಿಗೆ ಪಟಾಕಿ ಸಿಡಿದು ಮುಗಿದಿರುತ್ತದೆ. ಕಿವಿಗೆ ಅರಳೆ ಇಟ್ಟುಕೊಂಡರೆ ಹೆಚ್ಚೇನೂ ಪ್ರಯೋಜನವಿಲ್ಲ. ಔಷಧದ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಫೋಮ್ ಬೆಣೆಯನ್ನು ಹೊಸೆದು ಒಳಕ್ಕೆ ತೂರಿಸಿದರೆ ಉಂಟು. 'ಎಳಿ ಹರಿದಿದ್ದು ಗೊತ್ತಾಗಬೇಕಲ್ರಿ' ಎಂಬ ಆಕ್ಷೇಪ ಮಗ್ಗದವರಿಂದ ಬರುತ್ತದೆ. ಬೆಣೆ ಎಲ್ಲ ಸದ್ದನ್ನೂ ಇಳಿಸುತ್ತದೆ, ಮಗ್ಗದ ಲಯ ತಪ್ಪಿದ್ದು ರೂಢಿಯಾದ ಮೇಲೆ ಹಾಗೇ ತಿಳಿಯುತ್ತದೆ.

ಸೋರುವ ಕಿವಿ

ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಡೆಯ ಮಳೆ, ಒದ್ದೆ ಬಟ್ಟೆ, ಒಲೆಯ ಹೊಗೆ, ಮುಗಿಯದ ನೆಗಡಿ. ಮಕ್ಕಳಲ್ಲಿ ಮೂಗಿನ ಹಿಂಭಾಗವನ್ನೂ ನಡುಕಿವಿಯನ್ನೂ ಕೂಡಿಸುವ ನಾಳ ಗಿಡ್ಡ, ಹೆಚ್ಚುಕಡಿಮೆ ಅಡ್ಡಲಾಗಿರುತ್ತದೆ. ನೆಗಡಿಯ ಸೋಂಕು ಸಲೀಸಾಗಿ ಕಿವಿಗೆ ಏರುತ್ತದೆ. ಕೀವು ಕಟ್ಟಿ, ತಮಟೆ ತೂತಾಗಿ, ಕಿವಿ ಸೋರುತ್ತದೆ. 'ಬೆಳೆದಂತೆ ನಿಲ್ಲುತ್ತೆ' ಎಂದು ಬಿಟ್ಟರೆ ಕೆಲವರಲ್ಲಿ ಎಲುಬುಗಳನ್ನೇ ತಿಂದು, ಅಪರೂಪಕ್ಕೆ ಮಿದುಳಿಗೂ ಹಬ್ಬುತ್ತದೆ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುವುದು ನಮ್ಮ ಮನೆಗಳ ಹಳೆಯ ರೂಢಿ. ತೂತಾದ ತಮಟೆಯ ಮೂಲಕ ಅದು ನೇರ ನಡುಕಿವಿಗೆ ಇಳಿಯುತ್ತದೆ. ಗುಗ್ಗೆ ತೆಗೆಯುವ ಕಡ್ಡಿಯದೂ ಇದೇ ಕಥೆ. ನಾಳದ ಚರ್ಮ ಒಳಗಿನಿಂದ ಹೊರಕ್ಕೆ ಬೆಳೆಯುತ್ತ ಗುಗ್ಗೆಯನ್ನು ತಾನೇ ಹೊರಹಾಕುತ್ತದೆ, ಕಡ್ಡಿ ಅದನ್ನು ಮರಳಿ ಒಳಕ್ಕೆ ತಳ್ಳುತ್ತದೆ.

ಈ ಬಗೆಯ ಕಿವುಡಿನ ಒಳ್ಳೆಯ ಸುದ್ದಿ ಎಂದರೆ ಒಳಕಿವಿ ಹೆಚ್ಚಾಗಿ ಗಟ್ಟಿಯಾಗಿಯೇ ಇರುತ್ತದೆ. ಗುಗ್ಗೆ ತೆಗೆಯಬಹುದು, ತಮಟೆಗೆ ತೇಪೆ ಹಾಕಬಹುದು, ಅಲುಗದಂತೆ ಬಿಗಿದುಕೊಂಡ ರಿಕಾಪನ್ನು ಬದಲಿಸಬಹುದು. ಇದರ ನಡುವೆ ಒಂದು ತುರ್ತು ಮಾತು: ಒಂದು ಕಿವಿ ಇದ್ದಕ್ಕಿದ್ದಂತೆ ಬಂದ್ ಆದರೆ ಅದು ಗುಗ್ಗೆ ಎಂದು ಕಾಯಬೇಡಿ. ಒಳಕಿವಿ ಸೋತಿದ್ದರೆ ಸ್ಟೀರಾಯ್ಡ್ ಔಷಧ ಮೊದಲ ಕೆಲವು ದಿನಗಳಲ್ಲೇ ಸಿಗಬೇಕು. ಔಷಧದಿಂದಲೂ ಒಳಕಿವಿ ಕೆಡಬಹುದು: ಸ್ಟ್ರೆಪ್ಟೊಮೈಸಿನ್, ಅಮಿಕಾಸಿನ್, ಜೆಂಟಾಮೈಸಿನ್ ಸೂಜಿಮದ್ದುಗಳೂ ಕ್ಯಾನ್ಸರಿನ ಸಿಸ್‌ಪ್ಲಾಟಿನ್ ಔಷಧವೂ ರೋಮಕೋಶಗಳನ್ನು ಕೊಲ್ಲಬಲ್ಲವು, ಅದೂ ಮತ್ತೆ ಬುಡದಿಂದಲೇ. ಜೀವ ಉಳಿಸುವ ಮದ್ದನ್ನು ಬಿಡಲಾಗದು. ಕಿವಿ ಗುಂಯ್ಗುಟ್ಟಿದರೆ ಡಾಕ್ಟರಿಗೆ ಹೇಳಬಹುದು.

ಹುಟ್ಟಿನಿಂದ ಬರುವುದು

ಸಾವಿರಕ್ಕೆ ಒಂದೋ ಎರಡೋ ಕೂಸು ಕೇಳದೆಯೇ ಹುಟ್ಟುತ್ತದೆ. ಕಾರಣ ಹಲವು: ಬಸುರಿಗೆ ತಗುಲಿದ ರುಬೆಲ್ಲಾ, ಹುಟ್ಟಿದ ಮೇಲಿನ ತೀವ್ರ ಕಾಮಾಲೆ, ತೀರಾ ಕಡಿಮೆ ತೂಕ. ಅರ್ಧಕ್ಕೂ ಹೆಚ್ಚು ವಂಶವಾಹಿಯದು. ಅದರಲ್ಲಿ ಬಹುಪಾಲಿಗೆ, ತಂದೆತಾಯಿ ಇಬ್ಬರೂ ಒಂದೇ ದೋಷವನ್ನು ಗುಪ್ತವಾಗಿ ಹೊತ್ತಿದ್ದರೆ ಪ್ರತಿ ಹೆರಿಗೆಯಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಸೋದರಮಾವನ, ಸೋದರತ್ತೆಯ ಮಕ್ಕಳ ಸಂಬಂಧದಲ್ಲಿ ಇಬ್ಬರೂ ಒಂದೇ ದೋಷ ಹೊತ್ತಿರುವ ಸಂಭವ ಹೆಚ್ಚು. ದೇಶದಲ್ಲಿ ಇಂಥ ಮದುವೆ ಹೆಚ್ಚಾಗಿ ನಡೆಯುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕುಟುಂಬದಲ್ಲಿ ಈಗಾಗಲೇ ಕಿವುಡ ಮಗುವಿದ್ದರೆ ಇನ್ನೊಂದು ಒಳಸಂಬಂಧಕ್ಕೆ ಕೈ ಹಾಕುವ ಮೊದಲು ಹಿರಿಯರು ಈ ಲೆಕ್ಕ ಕೇಳಬೇಕು. ರುಬೆಲ್ಲಾಕ್ಕಂತೂ ಲಸಿಕೆಯಿದೆ, 2017ರಲ್ಲಿ ದೇಶದಲ್ಲಿ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ನಮ್ಮದೂ ಇತ್ತು.

ಕೆಂಪ್ ಅಳೆದ ಆ ಪುಟ್ಟ ಸದ್ದು ಇಲ್ಲಿ ಕೆಲಸಕ್ಕೆ ಬಂತು. ಮಲಗಿದ ಕೂಸಿನ ಕಿವಿಗೆ ಸಣ್ಣ ನಳಿಗೆಯಿಟ್ಟು, ಹೊರಸಾಲಿನ ಕೋಶಗಳು ಮರುಉಲಿಯುತ್ತವೆಯೇ ಎಂದು ನೋಡಿದರೆ ಮೊದಲ ಸುಳಿವು ಸಿಗುತ್ತದೆ. ನೋವಿಲ್ಲ, ಕೆಲವೇ ನಿಮಿಷ. ತಿಂಗಳೊಳಗೆ ಈ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಶ್ರವಣಯಂತ್ರ; ಜಗತ್ತಿನ ಹಲವೆಡೆ ಪಾಲಿಸಲು ನೋಡುವ ಗಡುವು ಇದು. ಮಿದುಳು ಮಾತು ಕಲಿಯುವ ಹೊತ್ತು ಮೀರಿದ ಮೇಲೆ, ಕಾಕ್ಲಿಯಾದೊಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಹಾಕಿದರೂ ಫಲ ಕಡಿಮೆ. 'ನಮ್ಮಪ್ಪನೂ ತಡವಾಗೇ ಮಾತಾಡಿದ್ನಂತ' ಎನ್ನುವ ಸಮಾಧಾನ ಎಷ್ಟೋ ಮಕ್ಕಳ ಮೊದಲ ಮೂರು ವರ್ಷ ನುಂಗಿದೆ.

ಬೆಳಗಾವಿಯ ಜಿಲ್ಲಾಸ್ಪತ್ರೆ ಬಿಮ್ಸ್ ವೈದ್ಯಕೀಯ ಕಾಲೇಜಿನ ಕೈಯಲ್ಲಿದೆ, ಅಲ್ಲಿ ಕಿವಿ-ಮೂಗು-ಗಂಟಲಿನ ವಿಭಾಗವಿದೆ. ನೆಹರೂ ನಗರದಲ್ಲಿ ಕೆಎಲ್ಇ ಆಸ್ಪತ್ರೆಯಿದೆ. ಅಂಗನವಾಡಿ, ಶಾಲೆಯ ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರದ ಆರ್‌ಬಿಎಸ್‌ಕೆ ತಂಡಗಳ ಪಟ್ಟಿಯಲ್ಲಿ ಹುಟ್ಟುಕಿವುಡೂ ಸೇರಿದೆ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೇಶಕ್ಕೇ ಹೆಸರಾದದ್ದು. ಮಾತಿನ ಪರೀಕ್ಷೆಗೆ ಕನ್ನಡ ಪದಪಟ್ಟಿಗಳನ್ನು ಸಿದ್ಧಪಡಿಸಿದ್ದು ಅಲ್ಲಿಯೇ. ಖಾನಾಪುರದಲ್ಲಿ ಎಷ್ಟೋ ಮನೆಗಳ ಮಾತು ಮರಾಠಿ, ಕೊಂಕಣಿ. ಪದಗಳನ್ನು ಹೇಳಿ ಪರೀಕ್ಷಿಸುವಾಗ ಅದು ಮನೆಮಾತಿನಲ್ಲೇ ಆಗಲಿ ಎಂದು ಕೇಳಿ. ಇಲ್ಲವಾದರೆ ಭಾಷೆ ಬಾರದ್ದು ಕಿವಿಯ ದೋಷವಾಗಿ ದಾಖಲಾಗುತ್ತದೆ.

ಐವತ್ತು ದಾಟಿದವರು, ಮಗ್ಗ, ಫೌಂಡ್ರಿಯಲ್ಲಿ ದುಡಿಯುವವರು ವರ್ಷಕ್ಕೊಮ್ಮೆ ಆಡಿಯೋಗ್ರಾಂ ಮಾಡಿಸಿ. ಹೋಗುವಾಗ ನಿಮಗೆ ಯಾರ ಮಾತು ತಿಳಿಯುವುದಿಲ್ಲವೋ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ನಿಮ್ಮ ಕಿವಿಯ ಬಗ್ಗೆ ನಿಮಗಿಂತ ಹೆಚ್ಚು ಗೊತ್ತಿರುವುದು ಅವರಿಗೆ.